ಹಿತ್ತಲ ಸಂದಿಗೆ ಸಹಿ ಹಾಕೋಕೆ ಮುಂಚೆ

ಹೋದ ವಾರ ನಮ್ಮ ಮನೆಯೋರ ವಾಟ್ಸಾಪ್ ಗ್ರೂಪಿಗೆ ಒಂದು ಕಾಗದದ ಫೋಟೋ ಬಂತು. ನಿಮ್ಮಲ್ಲಿ ಸುಮಾರು ಜನ ನೋಡಿರ್ತೀರಿ. ಬಸವನಗುಡಿ ಮನೆ ಹಿಂದೆ ಸಂದಿ ಇದೆಯಲ್ಲ, ಅಜ್ಜಿ ಬಾಯ್ತುಂಬ ಕನ್ಸರ್ವೆನ್ಸಿ ಅಂತಿದ್ದದ್ದು, ಅದನ್ನ ಈ ಸಾಲಿನೋರು ಅರ್ಧ ಆ ಸಾಲಿನೋರು ಅರ್ಧ ಒಳಗೆ ಹಾಕ್ಕೊಂಡು ಗೋಡೆ ಎತ್ತಿಸಿಬಿಡೋಣ, ಎಲ್ಲರ ಒಪ್ಪಿಗೆ ಇದೆ ಅಂತ ಒಂದೊಂದು ಸಹಿ ಇರಲಿ, ಅಂತ ಅದರಲ್ಲಿತ್ತು. ನಮ್ಮ ಭಾಗಕ್ಕೆ ಒಂದು ಕಾರು ನಿಲ್ಲೋವಷ್ಟು ಜಾಗ ಸಿಗತ್ತಂತೆ. ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ರು. ನಾನು ಸುಮ್ನಿದ್ದೆ. ರಾತ್ರಿ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ, "ಏನಕ್ಕಾ, ನಿಂದು ಏನೂ ಬರ್ಲಿಲ್ವಲ್ಲ?" ಅಂದ. ಬರೆದು ಹೇಳ್ತೀನಿ ಕಣಪ್ಪಾ ಅಂದೆ. ಅದೇ ಇದು. ಉದ್ದ ಆಗತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಆ ಸಂದಿ ನಮ್ಮಲ್ಲಿ ಯಾರಿಗೂ ಬೇಡದ ಜಾಗ. ಹಳೇ ಸಿಂಕು, ಒಡೆದ ಕಮೋಡು, ಮದುವೆ ಮನೆ ಬಾಳೆಕಂಬ ಎಲ್ಲಾ ಅಲ್ಲಿಗೇ. ಬೆಕ್ಕು ಮರಿ ಹಾಕೋದೂ ಅಲ್ಲೇ. ಚಿಕ್ಕವರಿದ್ದಾಗ ಚೆಂಡು ಆ ಕಡೆ ಬಿದ್ರೆ ತರೋಕೆ ನಮ್ಮನ್ನ ಬಿಡ್ತಿರಲಿಲ್ಲ, ತಂದ್ರೆ ಬಚ್ಚಲಿಗೆ ಕಳಿಸಿ ತಲೆ ಮೇಲೆ ನೀರು ಹುಯ್ಯೋರು. ಮುಂದಿನ ರಸ್ತೆ ನೋಡಿದ್ರೆ ಎಷ್ಟು ಅಗಲ, ಎಷ್ಟು ಮರ. ಹಿಂದೆ ಯಾಕೆ ಹೀಗೊಂದು ಸಂದಿ ಬಿಟ್ಟರು, ಅದೂ ಗಜ ಜಾಗಕ್ಕೆ ಅಣ್ಣ ತಮ್ಮ ಕೋರ್ಟಿಗೆ ಹೋಗೋ ಈ ಊರಲ್ಲಿ, ಅಂತ ನಾನೂ ಬಹಳ ವರ್ಷ ಯೋಚನೆ ಮಾಡಿರಲಿಲ್ಲ. ಮಾಡಿದ ಮೇಲೆ ಗೊತ್ತಾಯ್ತು, ನಮ್ಮ ಮನೆ ಅಲ್ಲಿರೋದಕ್ಕೂ ಆ ಸಂದಿ ಅಲ್ಲಿರೋದಕ್ಕೂ ಕಾರಣ ಒಂದೇ. ಪ್ಲೇಗು.

ಅಜ್ಜಿ ಬೈಯೋವಾಗ "ಪಿಳೇಗು ಬಡಿಯ" ಅಂತಿದ್ದದ್ದು ನೆನಪಿದೆಯಾ? ಹಾಲಿನೋನಿಗೆ, ಕರೆಂಟಿಗೆ, ಹೊಲಿಗೆ ಮೆಷಿನ್ನಿಗೆ ಎಲ್ಲದಕ್ಕೂ ಅದೇ ಬೈಗುಳ. ಆದರೆ ಮಕ್ಕಳಿಗೆ ಮಾತ್ರ ಒಂದು ದಿನವೂ ಆ ಮಾತು ಆಡಿದೋಳಲ್ಲ. ಒಂದ್ಸಲ ನನ್ನ ತಮ್ಮನಿಗೆ ಬಾಯ್ತಪ್ಪಿ ಅಂದುಬಿಟ್ಟು, ತಕ್ಷಣ ಒಲೆ ಮುಂದೆ ಹೋಗಿ ಉಪ್ಪು ನಿವಾಳಿಸಿ ಹಾಕಿದ್ದು ನಾನು ನೋಡಿದೀನಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1890ರ ಸುಮಾರಿನ ಬೆಂಗಳೂರು ಅಂದ್ರೆ ಎರಡು ಊರು. ಒಂದು ನಮ್ಮ ಪೇಟೆ, ಇನ್ನೊಂದು ದಂಡು, ಅಂದ್ರೆ ಬ್ರಿಟಿಷರ ಕಂಟೋನ್ಮೆಂಟು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, 1862ರಿಂದ. ಪೇಟೆ ಅಂದ್ರೆ ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ, ತರಗುಪೇಟೆ. ಇವತ್ತೂ ಅಲ್ಲಿ ಸೀರೆ ತರೋಕೆ ಹೋದ್ರೆ ಆಟೋ ಒಳಗೆ ಹೋಗಲ್ಲ. ಆಗ ಅದರಲ್ಲೇ ಜನ, ಅದರಲ್ಲೇ ದನ, ಕೆಳಗೆ ಅಂಗಡಿ ಮೇಲೆ ಮನೆ, ಒಂದು ಗೋಡೆಗೆ ಎರಡು ಸಂಸಾರ. ಅಕ್ಕಿ, ರಾಗಿ, ಬೇಳೆ ಮೂಟೆ ಮಧ್ಯೆ ಮಕ್ಕಳು ಮಲಗೋರು. ಕಾಳು ಇದ್ದ ಕಡೆ ಇಲಿ ಇರೋದೇ, ಅದನ್ನ ಯಾರೂ ರೋಗ ಅಂದುಕೊಂಡಿರಲಿಲ್ಲ.

ನೀರಂತೂ ಕೆರೆ ಬಾವಿದು. ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ, ಕಲ್ಯಾಣಿಗಳು. ಧರ್ಮಾಂಬುಧಿ ಇದ್ದ ಜಾಗದಲ್ಲಿ ಈಗ ನೀವು ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತೋದು. ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ ಕೂತಿದೆ. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿ ನೀರು ಕೊಳಾಯಲ್ಲಿ ಬಂತು. ದಿವಾನರು ಕೆ. ಶೇಷಾದ್ರಿ ಅಯ್ಯರ್. ಚಾಮರಾಜೇಂದ್ರ ಒಡೆಯರ ಹೆಸರಲ್ಲಿ ಆದ ಕೆಲಸ ಅದು, ಆದರೆ ನೀರು ಬಂದಾಗ ಅವರೇ ಇರಲಿಲ್ಲ. 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದಾಗ ಗಂಟಲಮಾರಿ, ಅಂದ್ರೆ ಡಿಫ್ತೀರಿಯಾ, ಬಂದು ಹೋಗಿಬಿಟ್ಟರು. ಇನ್ನೂ 31 ವರ್ಷ.

ಹಾಗಾಗಿ ಪ್ಲೇಗು ಬಂದಾಗ ಮೈಸೂರು ರಾಜ್ಯ ಆಳ್ತಿದ್ದದ್ದು ಒಬ್ಬ ಹೆಂಗಸು, ಇದನ್ನ ನಾವು ಮರೀಬಾರದು. ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣೀವಿಲಾಸ ಸನ್ನಿಧಾನ. ಮಗ ನಾಲ್ವಡಿಯವರು ದೊಡ್ಡವರಾಗಿ 1902ರಲ್ಲಿ ಅಧಿಕಾರ ತಗೊಳ್ಳೋವರೆಗೂ ಅವರೇ ರೀಜೆಂಟು. ಗಂಡನ್ನ ಸಾಂಕ್ರಾಮಿಕ ರೋಗಕ್ಕೆ ಕೊಟ್ಟೋರು, ನಾಲ್ಕು ವರ್ಷ ತುಂಬೋದ್ರೊಳಗೆ ರಾಜ್ಯದ ತುಂಬ ಅದಕ್ಕಿಂತ ಘೋರವಾದ ರೋಗ ನೋಡಬೇಕಾಯ್ತು. ವಿಕ್ಟೋರಿಯಾ ಆಸ್ಪತ್ರೆಗೆ 1897ರ ಜೂನ್ 22ರಂದು ಕಲ್ಲು ಹಾಕಿದ್ದು ಅವರೇ. ಅದು ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷದ ಸಂಭ್ರಮ. ಅದೇ ದಿನ ರಾತ್ರಿ ಪುಣೆಯಲ್ಲಿ, ಅದೇ ಸಂಭ್ರಮ ಮುಗಿಸಿ ಬರ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ್ರು. ಸಿಪಾಯಿಗಳನ್ನ ಮನೆ ಒಳಗೆ ನುಗ್ಗಿಸಿ ಹೆಂಗಸರನ್ನ ಪರೀಕ್ಷೆ ಮಾಡಿಸ್ತಾರೆ ಅನ್ನೋದೇ ಅಲ್ಲಿ ಜನರಿಗಿದ್ದ ದೊಡ್ಡ ಸಿಟ್ಟು. ಅದೇ ಪುಣೆಯಲ್ಲಿ ಅದೇ ವರ್ಷ ಮಾರ್ಚಿನಲ್ಲಿ ಸಾವಿತ್ರಿಬಾಯಿ ಫುಲೆ ಪ್ಲೇಗು ಬಂದ ಮಗುವಿನ ಶುಶ್ರೂಷೆ ಮಾಡ್ತಾ ತಾವೂ ರೋಗ ಅಂಟಿ ತೀರಿಕೊಂಡಿದ್ರು.

ಬೊಂಬಾಯಿಗೆ 1896ರಲ್ಲಿ ಬಂದ ಪ್ಲೇಗು ರೈಲು ದಾರಿ ಹಿಡಿದು ಹುಬ್ಬಳ್ಳಿಗೆ ಬಂತು. ಅಲ್ಲಿಂದ ಬೆಂಗಳೂರಿಗೆ 1898ರ ಆಗಸ್ಟಿನಲ್ಲಿ. ಶ್ರಾವಣ, ಹಬ್ಬದ ಕಾಲ. ಮೊದಲು ಜ್ವರ, ಆಮೇಲೆ ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಮೂರು ನಾಲ್ಕು ದಿನದಲ್ಲಿ ಮನುಷ್ಯ ಇಲ್ಲ. ಬೆಂಗಳೂರಲ್ಲಿ ಎಷ್ಟು ಜನ ಸತ್ತರು ಎಷ್ಟು ಜನ ಓಡಿಹೋದರು ಅನ್ನೋದಕ್ಕೆ ನಾನು ಜನಗಣತಿ ನೋಡ್ತೀನಿ. 1891ರಲ್ಲಿ ಪೇಟೆ ದಂಡು ಎರಡೂ ಸೇರಿ 1,80,366 ಜನ. 1901ರಲ್ಲಿ 1,59,046. ವರ್ಷ ವರ್ಷ ಉಬ್ಬೋದು ಬಿಟ್ರೆ ಬೇರೆ ಗೊತ್ತಿಲ್ಲದ ಈ ಊರು ಒಂದ್ಸಲ 20 ಸಾವಿರದ ಮೇಲೆ ಕುಗ್ಗಿತ್ತು ಅಂದ್ರೆ ನಂಬ್ತೀರಾ?

ಈಗ ನಮ್ಮ ಮನೆ ಕಥೆ. ಇದನ್ನ ಅಜ್ಜಿ ನನಗೊಬ್ಬಳಿಗೇ ಹೇಳಿದ್ದೋ ನಿಮಗೂ ಹೇಳಿದ್ದಳೋ ಗೊತ್ತಿಲ್ಲ. ಅಜ್ಜಿಯ ಅತ್ತೆ, ನಮಗೆ ಮುತ್ತಜ್ಜಿ, ಆಗ ಎಂಟು ವರ್ಷದ ಹುಡುಗಿ. ತವರು ತರಗುಪೇಟೆ. ಮನೆಯ ಮುಂದಿನ ಭಾಗ ಕಾಳಿನ ಮಂಡಿ, ಹಿಂದೆ ಸಂಸಾರ. ಮೊದಲು ಅಟ್ಟದ ಮೇಲೆ ಇಲಿ ಬಿದ್ದ್ವಂತೆ. ಸತ್ತ ಇಲಿನ ಮಕ್ಕಳು ಬಾಲ ಹಿಡಿದು ಬೀದಿಗೆ ಎಸೆದ್ರಂತೆ, ಯಾರೂ ಏನೂ ಅನ್ಲಿಲ್ಲ. ಆಮೇಲೆ ಮುತ್ತಜ್ಜಿಯ ಸೋದರತ್ತೆಗೆ ಜ್ವರ ಬಂತು. ಮದುವೆ ಆಗಿ ತವರಿಗೆ ಬಂದಿದ್ದೋಳು, ಹದಿನಾರೋ ಹದಿನೇಳೋ.

ಆ ಹೊತ್ತಿಗೆ ಮನೆ ಮನೆ ತಪಾಸಣೆ ಶುರುವಾಗಿತ್ತು. ರೋಗಿ ಸಿಕ್ಕಿದ್ರೆ ಊರಾಚೆ ಕ್ಯಾಂಪಿಗೆ, ಜೊತೆಗಿದ್ದೋರು ಇನ್ನೊಂದು ಕ್ಯಾಂಪಿಗೆ. ಮನೆ ಹೆಂಚು ತೆಗೆಸಿ ಬಿಸಿಲು ಬಿಡಿಸೋರು, ಗೋಡೆಗೆ ಸುಣ್ಣ, ನೆಲಕ್ಕೆ ಔಷಧಿ ನೀರು, ಹಾಸಿಗೆ ಬಟ್ಟೆ ಬೆಂಕಿಗೆ. ಕ್ಯಾಂಪಿಗೆ ಹೋದೋಳು ವಾಪಸ್ ಬರಲ್ಲ, ಬಂದ್ರೂ ಅತ್ತೆಮನೆಯೋರು ಕರ್ಕೊಳ್ಳಲ್ಲ ಅನ್ನೋದು ಹೆಂಗಸರ ಭಯ. ಯಾರ ಕೈಯ ಊಟವೋ, ಯಾವ ಗಂಡಸು ಕಂಕುಳು ತೊಡೆ ಮುಟ್ಟಿ ನೋಡ್ತಾನೋ. ಅದಕ್ಕೆ ಮನೆ ಹಿರೀಕಳು ಒಂದು ಉಪಾಯ ಮಾಡಿದಳು. ಹುಡುಗಿನ ಹಿಂದಿನ ಕತ್ತಲೆ ಕೋಣೆಗೆ ಹಾಕಿ, ತಪಾಸಣೆಯೋರು ಬಂದಾಗ "ಅವಳು ಹೊರಗಾಗಿದಾಳೆ" ಅಂದುಬಿಟ್ಟಳು. ಅಷ್ಟೇ ಸಾಕಾಯ್ತು. ಬಾಗಿಲವರೆಗೂ ಬಂದ ನಮ್ಮೋರೇ ಆದ ಗುಮಾಸ್ತ ಹಿಂದಕ್ಕೆ ಸರಿದು, ಏನೋ ಬರ್ಕೊಂಡು ಹೋದನಂತೆ.

ಅತ್ತೆ ಐದನೇ ದಿನ ಹೋದಳು. ಆಮೇಲೆ ಹಿರೀಕಳು, ಆಮೇಲೆ ಮುತ್ತಜ್ಜಿಯ ಪುಟ್ಟ ತಮ್ಮ. ಹೆಣ ಸಾಗಿಸಿದ್ದು ರಾತ್ರಿ. ಮುತ್ತಜ್ಜಿ ಸಾಯೋವರೆಗೂ ಹೇಳ್ತಿದ್ದದ್ದು ಒಂದೇ ಮಾತಂತೆ, "ಮುಟ್ಟು ಅಂತ ಸುಳ್ಳು ಹೇಳಿದ್ದಕ್ಕೇ ದೇವರು ಮುನಿದ" ಅಂತ. ನನಗೆ ಇದು ಕೇಳಿದಾಗೆಲ್ಲ ಹೊಟ್ಟೆ ಸಂಕಟ ಆಗತ್ತೆ. ಎಂಟು ವರ್ಷದ ಮಗು ತಲೇಲಿ ಅದು ಕೂತು, ಎಂಬತ್ತು ವರ್ಷದವರೆಗೂ ಹೋಗ್ಲಿಲ್ಲ.

ನಿಜ ಏನಪ್ಪಾ ಅಂದ್ರೆ ಗಡ್ಡೆ ಪ್ಲೇಗು ಸಾಧಾರಣವಾಗಿ ಮನುಷ್ಯರಿಂದ ಮನುಷ್ಯರಿಗೆ ಮುಟ್ಟಿದರೆ ಬರೋ ರೋಗ ಅಲ್ಲ. ಇಲಿಯ ಮೈಮೇಲಿನ ಚಿಗಟ, ಇಲಿ ಸತ್ತ ಮೇಲೆ ಬಿಸಿ ಮೈ ಹುಡುಕ್ಕೊಂಡು ಮನುಷ್ಯನ ಮೇಲೆ ಹಾರಿ ಕಚ್ಚಿದ್ರೆ ಬರೋದು. ಪಾಲ್ ಲೂಯಿ ಸಿಮೊಂ ಅನ್ನೋ ಫ್ರೆಂಚ್ ಡಾಕ್ಟರು ಇದನ್ನ ಕಂಡುಹಿಡಿದದ್ದು ಕರಾಚಿಯಲ್ಲಿ, 1898ರ ಜೂನಿನಲ್ಲಿ. ನಮ್ಮೂರಿಗೆ ಪ್ಲೇಗು ಬರೋಕೆ ಎರಡು ತಿಂಗಳು ಮುಂಚೆ! ಆದರೆ ಅವರ ಮಾತು ಆಗ ಯಾರೂ ಒಪ್ಪಲಿಲ್ಲ. ಗಾಳಿ ಕೆಟ್ಟಿದೆ, ನೆಲ ಕೆಟ್ಟಿದೆ, ಹೊಲಸಿನಿಂದ ಬರತ್ತೆ ಅಂತಲೇ ದೊಡ್ಡ ದೊಡ್ಡೋರೂ ನಂಬಿದ್ರು. 1905ರಿಂದ ಸರಿಯಾಗಿ ಪರೀಕ್ಷೆಗಳು ನಡೆದ ಮೇಲೇ ಇಲಿ ಚಿಗಟದ ಕಥೆ ಗಟ್ಟಿಯಾದದ್ದು. ಅಂದ್ರೆ ಆ ಸುಳ್ಳು ಹೇಳಿದ್ದರಿಂದ ಸಾವು ಬರಲಿಲ್ಲ. ಆ ಮಂಡಿ ಮನೆಯಲ್ಲೇ, ಆ ಇಲಿಗಳ ಮಧ್ಯೆಯೇ ಉಳಿದದ್ದರಿಂದ ಬಂತು. ಮುತ್ತಜ್ಜಿ ಬದುಕಿದ್ದರೆ ಕೈ ಹಿಡ್ಕೊಂಡು ಇಷ್ಟನ್ನ ಹೇಳಬೇಕಿತ್ತು.

ಹಳ್ಳಿಯೋರಿಗೆ ಇದು ಪುಸ್ತಕ ಇಲ್ಲದೇ ಗೊತ್ತಿತ್ತು ನೋಡಿ. ಇಲಿ ಬಿದ್ದರೆ ಊರು ಬಿಡೋದು ಅವರ ಪದ್ಧತಿ. ಹೊಲದಲ್ಲಿ ಸೋಗೆ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರೋರು. ಹೊಸ ಗುಡಿಸಲಲ್ಲಿ ಕಾಳಿನ ರಾಶಿ ಇಲ್ಲ, ಇಲಿ ಇಲ್ಲ. ಉಳಿದವರು ಬದುಕಿದ್ದು ಹಾಗೇ. ಮುತ್ತಜ್ಜಿಯ ಅಪ್ಪನೂ ಮೂರು ಹೆಣ ಆದ ಮೇಲೆ ಮಂಡಿಗೆ ಬೀಗ ಜಡಿದು, ಮಿಕ್ಕ ಮಕ್ಕಳನ್ನ ಕಟ್ಕೊಂಡು ಊರಾಚೆ ಗುಡಿಸಲಿಗೆ ಹೋದರು. ಅಲ್ಲಿ ಇವರ ಒಲೆ ಪಕ್ಕದಲ್ಲೇ ಬೇರೆ ಜಾತಿಯೋರ ಒಲೆ. "ಅಲ್ಲಿ ನಾವು ಬೀಸೋಕಲ್ಲು ಹಂಚಿಕೊಂಡಿದ್ವಿ, ಊರೊಳಗೆ ಬಂದ ಮೇಲೆ ಮಾತೂ ಆಡ್ಲಿಲ್ಲ" ಅಂತಿದ್ದರಂತೆ ಮುತ್ತಜ್ಜಿ.

ಆ ಕ್ಯಾಂಪುಗಳಲ್ಲಿ ದುಡಿದವರಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಡಾಕ್ಟರ್ ಪಲ್ಪು. ತಿರುವನಂತಪುರದವರು, ಈಳವ ಜಾತಿ. ಮದರಾಸಿನಲ್ಲಿ ಡಾಕ್ಟರಿಕೆ ಓದಿದ್ರೂ ಜಾತಿ ನೆಪದಲ್ಲಿ ಅವರ ಸ್ವಂತ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರ ಕೊಡ್ತು. ಬೆಂಗಳೂರಿನಲ್ಲಿ ಪ್ಲೇಗು ಇದ್ದಾಗ ಹೆಣಗಳ ಮಧ್ಯೆ ನಿಂತು ಕೆಲಸ ಮಾಡಿದ ಮನುಷ್ಯ. ಮೇಲ್ವಿಚಾರಣೆಗೆ ಪ್ಲೇಗ್ ಕಮಿಷನರ್ ಅಂತ ವಿ.ಪಿ. ಮಾಧವರಾಯರು ಇದ್ದರು, ಮುಂದೆ 1906ರಲ್ಲಿ ದಿವಾನರಾದರು. ಬೊಂಬಾಯಿಯಲ್ಲಿ ಹಾಫ್ಕಿನ್ ಅನ್ನೋರು 1897ರ ಜನವರಿಯಲ್ಲಿ ತಮ್ಮ ಮೈಮೇಲೇ ಚುಚ್ಚಿಕೊಂಡು ಪರೀಕ್ಷೆ ಮಾಡಿದ ಲಸಿಕೆ ಇಲ್ಲಿಗೂ ಬಂತು. ಚುಚ್ಚಿದ ತೋಳು ಊದಿ ಜ್ವರ ಬರೋದು, ಅದನ್ನ ನೋಡಿ ಜನ ಹೆದರೋರು. ನಾವು ಕೋವಿಡ್ ಸೂಜಿಗೆ ಏನೇನು ಹೇಳ್ಕೊಂಡು ತಪ್ಪಿಸ್ಕೊಂಡ್ವಿ ಅಂತ ನೆನಪಿದ್ರೆ ಅವರನ್ನ ನಗಬೇಡಿ.

ಜನ ಸೂಜಿ ಬಿಟ್ಟು ಅಮ್ಮನ ಹತ್ರ ಹೋದ್ರು. ಪ್ಲೇಗಮ್ಮ, ಪ್ಲೇಗ್ ಮಾರಮ್ಮ ಅಂತ ಊರಲ್ಲಿ ಅಲ್ಲಲ್ಲಿ ಗುಡಿ ಎದ್ದ್ವು. ತ್ಯಾಗರಾಜನಗರದ ಪ್ಲೇಗಮ್ಮ ನಮಗೆಲ್ಲ ಗೊತ್ತಿರೋದೇ. ತಂಬಿಟ್ಟಿನ ಆರತಿ, ಮೊಸರನ್ನ, ಬೇವಿನಸೊಪ್ಪು, ಎಲ್ಲಾ ತಂಪಿನದು. ಸಿಡುಬಿಗೆ ಮಾಡ್ತಿದ್ದದ್ದನ್ನೇ ಇದಕ್ಕೂ ಮಾಡಿದ್ರು. ನಾನು ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋಕೆ ತಯಾರಿಲ್ಲ. ಮನೆ ಮನೆಯಲ್ಲೂ ಸಾವು ಬಚ್ಚಿಟ್ಟುಕೊಂಡಿದ್ದ ಕಾಲದಲ್ಲಿ, ನಾಲ್ಕು ಜನ ಹೆಂಗಸರು ತಂಬಿಟ್ಟು ಹೊತ್ಕೊಂಡು ಬೀದೀಲಿ ನಿಂತು ನಮ್ಮನೇಲೂ ಹೋದ್ರು ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋಕೆ ಇನ್ನೆಲ್ಲಿ ಜಾಗ ಇತ್ತು? 2020ರಲ್ಲಿ ಕರಗ ಧರ್ಮರಾಯನ ಗುಡಿಯೊಳಗೇ ನಾಲ್ಕು ಜನರಲ್ಲಿ ಮುಗಿದಾಗ, ನನಗೆ ಮನೇಲಿ ಕೂತು ಅದೇ ಅನಿಸ್ತಿತ್ತು. ಅಳೋಕೂ ಗುಂಪು ಬೇಕು.

ಸರಿ, ಸಂದಿಗೆ ಬರ್ತೀನಿ.

ಪ್ಲೇಗು ಬರೋಕೆ ಮುಂಚೆನೇ 1892ರಲ್ಲಿ ಚಾಮರಾಜಪೇಟೆ ಅಂತ ಹೊಸ ಬಡಾವಣೆ ಆಗಿತ್ತು. ಪೇಟೆ ಬಿಟ್ಟು ಬಯಲಿಗೆ ಯಾರು ಹೋಗ್ತಾರೆ ಅಂತಿದ್ದ ಜನ, 1898ರ ಆಮೇಲೆ ತಾವೇ ಎದ್ದು ಹೊರಟರು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ ಬೆಳೆದದ್ದು ಹಾಗೆ. ಇಲ್ಲಿ ಮೊದಲು ಇದ್ದದ್ದು ಸುಂಕೇನಹಳ್ಳಿ, ಕಡಲೆಕಾಯಿ ಹೊಲ, ದೊಡ್ಡ ಬಸವಣ್ಣನ ಗುಡಿ. ಕಾರ್ತಿಕದ ಕೊನೇ ಸೋಮವಾರ ಪರಿಷೆಗೆ ನಾವು ಕಾಯಿ ತಗೊಳ್ಳೋಕೆ ಹೋಗ್ತೀವಲ್ಲ, ಆ ಹೊಲದ ರೈತರು ಮೊದಲ ಫಸಲು ಬಸವನಿಗೆ ಅಂತ ಕೊಡ್ತಿದ್ದದ್ದೇ ಅದರ ಮೂಲ. ಹೊಲ ಹೋಯ್ತು, ಪರಿಷೆ ಉಳೀತು. ದಂಡಿನ ಕಡೆಯೋರೂ ಇದೇ ಪ್ಲೇಗಿನ ಪಾಠ ಕಲಿತು ಇನ್ನೊಂದು ಬಡಾವಣೆ ಮಾಡಿದ್ರು. 1910ರಲ್ಲಿ ಅದಕ್ಕೆ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿಟ್ಟರು. ಫ್ರೇಜರ್ ಟೌನು.

ಈ ಬಡಾವಣೆಗಳ ನಕ್ಷೆ ನೋಡಿದ್ರೆ ಪೇಟೆಗೆ ಹೆದರಿ ಬರೆದ ನಕ್ಷೆ ಅಂತ ಗೊತ್ತಾಗತ್ತೆ. ನೇರ ರಸ್ತೆ, ಅಗಲ ರಸ್ತೆ. ಮನೆಗೂ ಮನೆಗೂ ಮಧ್ಯೆ ಜಾಗ. ಮುಂದೆ ಮರ, ನಡುವೆ ಪಾರ್ಕು. ಗಾಳಿ ಬೆಳಕು ಬರಬೇಕು ಅನ್ನೋದೇ ಮಂತ್ರ. ರೋಗದ ಕಾರಣ ತಪ್ಪು ತಿಳ್ಕೊಂಡಿದ್ರೂ ಊರು ಮಾತ್ರ ಚೆನ್ನಾಗಿ ಕಟ್ಟಿದ್ರು ಅನ್ನೋದು ನನ್ನ ಅಭಿಪ್ರಾಯ. ಯಾವ ಕಡೆ ಯಾವ ಜಾತಿಯೋರು ಅಂತ ನೋಡಿ ಸೈಟು ಕೊಟ್ಟರು ಅನ್ನೋದೂ ಅಷ್ಟೇ ನಿಜ. ಗುಡಿಸಲಲ್ಲಿ ಬೀಸೋಕಲ್ಲು ಹಂಚಿಕೊಂಡೋರು ಬಡಾವಣೆಗೆ ಬಂದಾಗ ಬೇರೆ ಬೇರೆ ಸಾಲಿಗೆ ಹೋದ್ರು. ನಮ್ಮೋರಿಗೆ ಸೈಟು ಸಿಕ್ತು. ಪಕ್ಕದ ಒಲೆಯೋರಿಗೆ ಸಿಕ್ಕಿತೋ ಇಲ್ಲವೋ, ಮುತ್ತಜ್ಜಿ ಹೇಳ್ಲಿಲ್ಲ, ಅಜ್ಜಿ ಕೇಳ್ಲಿಲ್ಲ.

ಎರಡು ಸಾಲು ಮನೆಗಳ ಬೆನ್ನಿಗೆ ಬೆನ್ನು, ಮಧ್ಯೆ ಈ ಕನ್ಸರ್ವೆನ್ಸಿ ಸಂದಿ. ಯಾಕೆ ಅಂದ್ರೆ ಆಗ ಮನೇಲಿ ನೀರು ಬಿಡೋ ಕಕ್ಕಸು ಇರಲಿಲ್ಲ. ಒಳಚರಂಡಿ ಕೆಲಸ ನಮ್ಮೂರಲ್ಲಿ ಶುರುವಾದದ್ದೇ 1920ರ ದಶಕದಲ್ಲಿ, ಅದು ಎಲ್ಲಾ ಮನೆಗೂ ಮುಟ್ಟೋಕೆ ಇನ್ನೂ ಎಷ್ಟೋ ವರ್ಷ ಹಿಡೀತು. ಹಿತ್ತಲ ಕೊನೇಲಿ ಕಕ್ಕಸು, ಅದರ ಕೆಳಗೆ ಬುಟ್ಟಿ ಅಥವಾ ಡಬ್ಬ, ಹಿಂದಿನ ಗೋಡೇಲಿ ಒಂದು ಗಿಡ್ಡ ಕಿಂಡಿ. ದಿನಾ ಬೆಳಿಗ್ಗೆ ಒಬ್ಬರು ಆ ಸಂದಿಯಲ್ಲಿ ಬಂದು, ಕಿಂಡಿ ಬಾಗಿಲು ಎತ್ತಿ, ಡಬ್ಬ ಎಳ್ಕೊಂಡು, ತಲೆ ಮೇಲೆ ಹೊತ್ಕೊಂಡು ಹೋಗಬೇಕು. ಮನೆ ಶುಚಿ ಇರಬೇಕು, ರೋಗ ಬರಬಾರದು. ಆ ಕೆಲಸ ಮಾಡೋರು ಮಾತ್ರ ಮುಂಬಾಗಿಲಿಂದ ಬರಬಾರದು, ಕಣ್ಣಿಗೂ ಬೀಳಬಾರದು. ಈ ಎರಡು ಲೆಕ್ಕಾನೂ ಸೇರಿಸಿ ಬಿಟ್ಟ ಜಾಗ ಅದು.

ನಾನು ಅದನ್ನ ಕಣ್ಣಾರೆ ನೋಡಿದೀನಿ. ನನಗೆ ಆರು ಏಳು ವರ್ಷ. ಹಿತ್ತಲಲ್ಲಿ ಸಂಪಿಗೆ ಮರದ ಹತ್ರ ನಿಂತ್ರೆ ಕಿಂಡಿ ಎತ್ತೋ ತಗಡಿನ ಸದ್ದು ಕೇಳೋದು. ಬರ್ತಿದ್ದದ್ದು ಒಬ್ಬ ಹೆಂಗಸು. ನಮ್ಮ ಮನೇಲಿ ಅವರನ್ನ ತೋಟಿ ಅಂತಿದ್ದರು, ಜಾತಿ ಹೆಸರೇ ಹೆಸರು. ಬೇಸಿಗೇಲಿ "ಅಮ್ಮಾ ನೀರು" ಅಂದ್ರೆ ಅಜ್ಜಿ ನನ್ನ ಕೈಲಿ ಚೊಂಬು ಕೊಟ್ಟು ಕಳಿಸೋಳು. ನಾನು ಗೋಡೆ ಈ ಕಡೆ ಕಲ್ಲು ಹತ್ತಿ ನಿಂತು ಮೇಲಿಂದ ಹುಯ್ಯೋದು, ಅವರು ಆ ಕಡೆ ಬೊಗಸೆ ಒಡ್ಡೋದು. ಒಂದು ಸಲ ನೀರು ಹೆಚ್ಚಾಗಿ ಅವರ ಮುಖದ ಮೇಲೆಲ್ಲ ಬಿತ್ತು. ನಾನು ನಕ್ಕೆ. ಅವರೂ ನಕ್ಕರು. ಅವರ ಮುಂದಿನ ಹಲ್ಲು ಒಂದು ಮುರಿದಿತ್ತು, ಅದಷ್ಟೇ ನನಗೆ ಈಗ ನೆನಪಿರೋದು. ಯುಗಾದಿಗೆ ಒಬ್ಬಟ್ಟು, ದೀಪಾವಳಿಗೆ ಅಜ್ಜಿಯ ಹಳೇ ಸೀರೆ, ಎಲ್ಲಾ ಆ ಗೋಡೆ ಮೇಲಿಂದಲೇ. ಅಜ್ಜಿ ಕೆಟ್ಟೋಳಲ್ಲ. ಪಕ್ಕದ ಮನೆಯೋರು ಅಷ್ಟೂ ಕೊಡ್ತಿರಲಿಲ್ಲ. ಹಾಗಂತ ಒಂದು ದಿನವೂ ಅವರ ಹೆಸರು ಕೇಳ್ಲಿಲ್ಲ, ಅಜ್ಜಿನೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಾನು ಆಗ ಸ್ಕೂಲಲ್ಲಿ ಸ್ವಚ್ಛತೆ ಅಂತ ಪ್ರಬಂಧ ಬರೆದು ಬಹುಮಾನ ತಗೊಂಡಿದ್ದೆ ಬೇರೆ.

ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ನಿಲ್ಲಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿ ಆಗಿದ್ದಾಗ. ಇಡೀ ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಗಟ್ಟಿಯಾದದ್ದು 2013ರಲ್ಲಿ. ಅಂದ್ರೆ ಪ್ಲೇಗು ಬಂದು ಮುಕ್ಕಾಲು ಶತಮಾನ ಆದರೂ ನಮ್ಮ ಬಡಾವಣೆಯ ಆರೋಗ್ಯ ಆ ಸಂದಿಯಲ್ಲಿ ಒಬ್ಬರ ತಲೆ ಮೇಲೆ ಹೋಗ್ತಾ ಇತ್ತು. ವಿಕ್ಟೋರಿಯಾ ಆಸ್ಪತ್ರೆಗೆ ಫಲಕ ಇದೆ, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಂದು ತೆರೆದದ್ದು ಅಂತ. 1935ರಲ್ಲಿ ಹೆಂಗಸರು ಮಕ್ಕಳಿಗೆ ಅಂತ ವಾಣಿ ವಿಲಾಸ ಆಯ್ತು, ನಮ್ಮಲ್ಲಿ ಅರ್ಧ ಜನ ಹುಟ್ಟಿದ್ದೇ ಅಲ್ಲಿ. ಹೆಸರಘಟ್ಟಕ್ಕೂ ದಿವಾನರ ಹೆಸರು ಸೇರ್ಕೊಂಡಿದೆ. ಸಂದಿಗೆ ಯಾರ ಹೆಸರೂ ಇಲ್ಲ.

ಈಗ ಕಾಗದದ ವಿಷಯ. ನಾನು ಸಹಿ ಹಾಕಲ್ಲ. ಭಾವನೆ ಒಂದೇ ಕಾರಣ ಅಲ್ಲ, ಲೆಕ್ಕಾನೂ ಹೇಳ್ತೀನಿ. ಒಂದು, ಅದು ನಮ್ಮ ಜಾಗ ಅಲ್ಲ. ಕ್ರಯಪತ್ರದಲ್ಲಿ ಪೂರ್ವಕ್ಕೆ ಕನ್ಸರ್ವೆನ್ಸಿ ಅಂತ ಚಕ್ಕುಬಂದಿ ಬರೆದಿದೆ, ತೆಗೆದು ನೋಡಿ. ಹನ್ನೊಂದಲ್ಲ, ಇನ್ನೂರು ಹೆಬ್ಬೆರಳು ಎತ್ತಿದ್ರೂ ಅದು ಊರಿನದು. ಇನ್ನೊಂದು, ನಮ್ಮ ಮನೆಯ ಒಳಚರಂಡಿ ಪೈಪು ಹೋಗಿರೋದೇ ಅದರ ಕೆಳಗೆ. ಹೋದ ಮಳೆಗಾಲದಲ್ಲಿ ಕಟ್ಕೊಂಡು ಅಡುಗೆಮನೆ ಸಿಂಕಿನಲ್ಲಿ ಉಲ್ಟಾ ಬಂತಲ್ಲ, ಆಗ ಜೆಟ್ಟಿಂಗ್ ಗಾಡಿಯ ಪೈಪು ಸಂದಿಗೆ ಎಳೆದು ಮ್ಯಾನ್‌ಹೋಲ್ ಬಿಡಿಸಿದ್ದು. ಅದರ ಮೇಲೆ ಕಾರು ನಿಲ್ಲಿಸಿ ಗೋಡೆ ಎತ್ತಿದ್ರೆ ಮುಂದಿನ ಸಲ ಮೆಷಿನ್ ಪೈಪು ಒಳಗೆ ಬರೋಕಾಗಲ್ಲ. ಆಗ ಏನು ಮಾಡ್ತೀರಿ? ಯಾರಿಗೋ ದುಡ್ಡು ಕೊಟ್ಟು ಒಳಗೆ ಇಳಿಸ್ತೀರಿ. ಅದು ಕಾನೂನಿನ ಪ್ರಕಾರ ಅಪರಾಧ. ಈ ದೇಶದಲ್ಲಿ ಹಾಗೆ ಇಳಿದೋರು ಸಾಯೋ ಸುದ್ದಿ ಪೇಪರಿನಲ್ಲಿ ಇನ್ನೂ ನಿಂತಿಲ್ಲ. ನಮ್ಮ ಮನೆ ಕಾರಿಗೋಸ್ಕರ ಅದು ನಮ್ಮ ಹಿತ್ತಲಲ್ಲಿ ಆಗೋದು ಬೇಡ.

ಮಲ್ಲೇಶ್ವರದಲ್ಲಿ ಕೆಲವು ಸಂದಿಗಳನ್ನ ಅಲ್ಲಿನ ಜನವೇ ನಿಂತು ಶುಚಿ ಮಾಡಿಸಿ, ಗೋಡೆಗೆ ಬಣ್ಣ ಹೊಡೆಸಿ, ನಡೆದಾಡೋ ಹಾಗೆ ಮಾಡ್ಕೊಂಡಿದಾರೆ. ನಮ್ಮದನ್ನೂ ಹಾಗೆ ಮಾಡಬಹುದು. ನನ್ನ ಆಸೆ ಇನ್ನೂ ಚಿಕ್ಕದು. ಬೆಳಿಗ್ಗೆ ಆರಕ್ಕೆ ನಮ್ಮ ರಸ್ತೆ ಗುಡಿಸೋಕೆ ಬರೋ ಪೌರಕಾರ್ಮಿಕ ಹೆಂಗಸರು ತಿಂಡಿ ತಿನ್ನೋದು ಎಲ್ಲಿ, ನೋಡಿದೀರಾ? ಟ್ರಾನ್ಸ್‌ಫಾರ್ಮರ್ ಪಕ್ಕ, ಫುಟ್‌ಪಾತಿನ ಅಂಚಿನಲ್ಲಿ. ಕಕ್ಕಸಿಗೆ ಹೋಗೋದು ಎಲ್ಲಿ ಅಂತ ನಾನು ಒಂದು ದಿನ ಕೇಳಿದೆ. "ಮನೆಗೆ ಹೋದ್ಮೇಲೇ ಅಮ್ಮಾ, ಅದಕ್ಕೇ ನೀರು ಕುಡಿಯಲ್ಲ" ಅಂದ್ರು. ನಮ್ಮ ಹಿತ್ತಲ ಕೊನೇಲಿ ಹಳೇ ಕಕ್ಕಸಿನ ರೂಮು ಖಾಲಿ ಇದೆ, ಸಂದಿ ಕಡೆಗೆ ಬಾಗಿಲಿದೆ, ನೀರಿನ ಪೈಪು ಹತ್ರದಲ್ಲೇ ಇದೆ. ಒಂದು ಹೊಸ ಕಮೋಡು, ಒಂದು ನಲ್ಲಿ, ಒಂದು ಕಲ್ಲುಬೆಂಚು. ಕಾರ್ ಶೆಡ್ಡಿಗೆ ಅಂತ ಲೆಕ್ಕ ಹಾಕಿದ ದುಡ್ಡಿನಲ್ಲಿ ಕಾಲು ಭಾಗವೂ ಆಗಲ್ಲ. ಆಚೆ ಸಾಲಿನ ಮನೆಯ ಅತ್ತಿಗೆ ಜೊತೆ ಮಾತಾಡಿದೆ, ಅವರು ಬೆಂಚು ಕೊಡಿಸ್ತೀನಿ ಅಂದಿದಾರೆ. ಮೇಲಿನ ಮನೆ ಚಿಕ್ಕಮ್ಮ ಮಾತ್ರ, "ಅಲ್ಲ ಕಣೇ, ನಮ್ಮ ಹಿತ್ತಲಿಗೇ ಬರೋ ಹಾಗಾಯ್ತಲ್ಲ" ಅಂದ್ರು. ಅವರೂ ಇದನ್ನ ಓದ್ತಾರೆ ಅಂತ ಗೊತ್ತಿದ್ದೇ ಬರೀತಾ ಇದೀನಿ ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ನಮ್ಮ ಹಿತ್ತಲಿಗೆ ನೂರು ವರ್ಷದ ಹಿಂದಿಂದ ಬರ್ತಾನೇ ಇದಾರೆ. ಬಾಗಿಲು ಮಾತ್ರ ನಾವು ಅವರಿಗೆ ತೆಗೆದಿರಲಿಲ್ಲ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ರೂ ಮನೆಗೆ ಬನ್ನಿ, ಗ್ರೂಪಿನಲ್ಲಿ ಜಗಳ ಬೇಡ, ಎದುರೆದುರೇ ಮಾತಾಡೋಣ. ಬಿಸಿಬೇಳೆಬಾತು ನಾನು ಮಾಡ್ಕೊಂಡು ಬರ್ತೀನಿ, ಬೂಂದಿ ಯಾರಾದ್ರೂ ತನ್ನಿ. ಹಿಂದಿನ ಬಾಗಿಲ ಬೀಗದ ಕೈ ದೊಡ್ಡಪ್ಪನ ಮೇಜಿನ ಡ್ರಾಯರಿನಲ್ಲಿ ಸಿಕ್ತು. ಚಿಲಕ ತುಕ್ಕು ಹಿಡಿದು ಕೂತಿದೆ, ನಿನ್ನೆ ಎಣ್ಣೆ ಬಿಟ್ಟು ಬಂದಿದೀನಿ. ಭಾನುವಾರದ ಹೊತ್ತಿಗೆ ಬಿಡಬಹುದು.